ಹೂದಾನಿಯ ಎಡ ಬಲ

ಫೆಬ್ರವರಿ 3, ಸೋಮವಾರ

ಅಣ್ಣಾ,

ಪುಸ್ತಕ ಕಳಿಸಿದ್ದೇನೆ. ಪುಸ್ತಕ ಎಂದರೆ ಅಚ್ಚಾದ ಪುಸ್ತಕವಲ್ಲ, ಗಿರಾಕಿಗಳು ಪರದೆಯ ಮೇಲೆ ಓದುವುದನ್ನೇ ಕಾಗದಕ್ಕಿಳಿಸಿದ ಇನ್ನೂರ ಹನ್ನೆರಡು ಹಾಳೆಗಳ ಕಟ್ಟು. ಆಫೀಸಿನ ಪ್ರಿಂಟರಿನ ಹತ್ತಿರ ಯಾರೂ ಇಲ್ಲದ ಸಮಯ ನೋಡಿ ತೆಗೆದದ್ದು. ಎರಡು ಹಾಳೆ ಓರೆಯಾಗಿ ಬಂದಿವೆ, ಅದಕ್ಕೂ ನನ್ನನ್ನೇ ಬೈಯಬೇಡ.

ಫೋನ್ ಮಾಡಿ ಹೇಳಬಹುದಿತ್ತು. ಆದರೆ ಅಮ್ಮ ಹಾಕಿಹೋದ ಷರತ್ತು ಇದೆಯಲ್ಲ. "ನೀವಿಬ್ರೂ ಫೋನಲ್ಲಿ ಮೂರನೇ ನಿಮಿಷಕ್ಕೆ ಜಗಳಕ್ಕೆ ಬೀಳ್ತೀರಿ. ಏನಿದ್ರೂ ಬರ್ಕೊಳ್ಳಿ. ಬರೆಯೋವಾಗ ಕೈ ನೋಯುತ್ತೆ, ಬೈಗುಳ ಕಡಿಮೆ ಆಗುತ್ತೆ." ಆರು ವರ್ಷದಿಂದ ನಡೆಸಿಕೊಂಡು ಬಂದಿದ್ದೇವೆ. ನೀನು ನಾಲ್ಕು ಸಾಲಿಗಿಂತ ಹೆಚ್ಚು ಬರೆದರೆ ಅವಳ ಆತ್ಮಕ್ಕೂ ಸಮಾಧಾನ, ನನಗೂ.

ನನ್ನ ಕೆಲಸ ಏನೆಂದು ನೀನು ಕೇಳಿದ್ದೆ. ನಮ್ಮ ತಂತ್ರಾಂಶದಲ್ಲಿ ಮೂರು ಆಯಾಮದ ಆಕೃತಿಗಳನ್ನು ಎರಡು ರೀತಿಯಲ್ಲಿ ಮಾಡಬಹುದು. ಮೌಸ್ ಹಿಡಿದು ಎಳೆದಾಡಿ ಮಾಡುವುದು ಒಂದು. ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟು, ಅದರ ಪಾಡಿಗೆ ಅದು ಮಾಡಿಕೊಳ್ಳಲಿ ಎಂದು ಕೈಕಟ್ಟಿ ಕೂರುವುದು ಇನ್ನೊಂದು. ಆ ಸಾಲುಗಳಿಗೆ ಸ್ಕ್ರಿಪ್ಟ್ ಎನ್ನುತ್ತೇವೆ. ಆಜ್ಞೆಗಳು ನಾನೂರಕ್ಕೂ ಹೆಚ್ಚಿವೆ. ಪ್ರತಿಯೊಂದಕ್ಕೂ ಏನು ಕೊಡಬೇಕು, ಕೊಟ್ಟರೆ ಏನು ಬರುತ್ತದೆ, ಎಲ್ಲಿ ಎಡವಬಹುದು ಎಂದು ಬರೆದು, ಕೆಳಗೆ ಒಂದು ಉದಾಹರಣೆ ಕೊಡುವುದು ನನ್ನ ಪಾಲಿನದು. ಆಜ್ಞೆಗಳನ್ನು ಕಟ್ಟಿದವನು ನನ್ನ ಎದುರಿನ ಮೇಜಿನಲ್ಲೇ ಕೂರುತ್ತಾನೆ. ಅವನಿಗೆ ಎಲ್ಲರೂ ಮೌನಿ ಎನ್ನುತ್ತಾರೆ. ಏನು ಕೇಳಿದರೂ "ಕೋಡಲ್ಲೇ ಇದೆ" ಎಂಬ ಒಂದೇ ಮಾತು. ನಮ್ಮಿಬ್ಬರ ಮೇಲಿನವನು ಏನು ಹೇಳಿದರೂ "ಆಗಲಿ, ನೋಡೋಣ" ಎನ್ನುವುದರಿಂದ ಅವನಿಗೆ ಆಗಲಿ ಸಾಹೇಬ ಎಂದು ನಾಮಕರಣ ಮಾಡಿದ್ದೇನೆ. ಅವನಿಗೆ ಗೊತ್ತಿಲ್ಲ.

ನಿನಗೆ ಬೇಕಾದದ್ದು 147ನೇ ಪುಟ. ಸ್ಕ್ಯಾನ್ ಯಂತ್ರ ಎಲ್ಲವನ್ನೂ ಹೋಳು ಹೋಳಾಗಿ ಚಿತ್ರ ತೆಗೆದು ಕೊಡುತ್ತದಲ್ಲ, ಬ್ರೆಡ್ಡಿನ ಹೋಳುಗಳನ್ನು ಮತ್ತೆ ಜೋಡಿಸಿದ ಹಾಗೆ ಅವನ್ನು ಒಂದರ ಮೇಲೊಂದು ಪೇರಿಸುವ ಆಜ್ಞೆ ಅದು. ಅದರ ಉದಾಹರಣೆ ನನ್ನನ್ನು ಮೂರು ದಿನ ಸತಾಯಿಸಿತು. ಪರೀಕ್ಷೆಗೆಂದು ನಮ್ಮಲ್ಲಿ ಇಟ್ಟಿರುವುದು ಒಂದು ಹೂದಾನಿಯ ಸ್ಕ್ಯಾನ್. ಪೇರಿಸಿದಾಗಲೆಲ್ಲ ಹೂದಾನಿ ತಲೆಕೆಳಗಾಗಿ ನಿಲ್ಲುತ್ತಿತ್ತು. ಮೌನಿಯನ್ನು ಕೇಳಿದರೆ ಕೋಡಲ್ಲೇ ಇದೆಯಂತೆ. ಕೊನೆಗೆ ನಾನೇ ಕೆಳಗೆ ಒಂದು ಸಾಲು ಸೇರಿಸಿದೆ: ಅರ್ಧ ಸುತ್ತು ತಿರುಗಿಸು. ಹೂದಾನಿ ನೆಟ್ಟಗೆ ನಿಂತಿತು! ಅವತ್ತು ಚಹಾ ಯಂತ್ರದ ಮುಂದೆ ನಿಂತು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅದಿರಲಿ, ಹಲ್ಲು ಕಟ್ಟುವ ಕೈಗೆ ಈ ವಯಸ್ಸಿನಲ್ಲಿ ಕೀಬೋರ್ಡು ಯಾಕೆ ಬಂತು? ವಿವರವಾಗಿ ಬರೆ.

ತಲೆಹರಟೆ ಮುಗಿಸಿದ ನಿನ್ನ ತಂಗಿ


ಫೆಬ್ರವರಿ 11, ಮಂಗಳವಾರ

ಮಾತೆತ್ತಿದರೆ ವಾದಕ್ಕೆ ನಿಲ್ಲುವ ನಮ್ಮನೆ ವಕೀಲಮ್ಮನವರ ಸನ್ನಿಧಿಗೆ,

ಕಟ್ಟು ತಲುಪಿತು. ಓರೆಯಾದ ಹಾಳೆಗಳಿಗೆ ಬೈದಾಯಿತು, ಈಗ ಮುಂದಿನ ವಿಷಯ.

ಹಲ್ಲು ಕಟ್ಟುವ ಅಂಗಡಿ ಮುಚ್ಚಿದ್ದು ನಿನಗೆ ಗೊತ್ತು. ಇಲ್ಲಿನ ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮಾದರಿ ಕೋಣೆ ಎಂದು ಒಂದಿದೆ. ಮೂಳೆಗಳ ಮಾದರಿಯನ್ನು ಯಂತ್ರದಲ್ಲಿ ಅಚ್ಚು ಹಾಕಿ ತೆಗೆಯುತ್ತಾರೆ. ಸಂದರ್ಶನದಲ್ಲಿ "ಸ್ಕ್ರಿಪ್ಟ್ ಬರುತ್ತಾ?" ಎಂದು ಕೇಳಿದರು. ಇಪ್ಪತ್ತಾರು ವರ್ಷ ಹಲ್ಲು ಕಟ್ಟಿದವನಿಗೆ ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. "ಬರುತ್ತೆ" ಅಂದುಬಿಟ್ಟೆ. ಅದಕ್ಕೇ ನಿನ್ನ ಕಾಲು ಹಿಡಿದದ್ದು. ಹೆದರಬೇಡ, ಇಲ್ಲಿ ಮಾಡುವುದೆಲ್ಲ ವಿದ್ಯಾರ್ಥಿಗಳ ಅಭ್ಯಾಸಕ್ಕೆ. ಬರೀ ಅಭ್ಯಾಸಕ್ಕೆ.

ಒಳಗೆ ಹೋಗುವಾಗ ಫೋನನ್ನು ಬಾಗಿಲ ಪೆಟ್ಟಿಗೆಯಲ್ಲಿ ಹಾಕಿಸುತ್ತಾರೆ. ನನ್ನ ಹಳೇ ಗುಂಡಿ ಫೋನನ್ನು ನೋಡಿ ಕಾವಲಿನವನು "ಇದನ್ನ ಕದಿಯೋರು ಯಾರೂ ಇಲ್ಲ ಬಿಡಿ" ಎಂದು ನಗುತ್ತಾನೆ. ಕೋಣೆಯಲ್ಲಿ ನಾನು, ಒಂದು ಯಂತ್ರ, ಒಂದು ಕಂಪ್ಯೂಟರು. ನಿನ್ನ 147ನೇ ಪುಟವನ್ನು ಗೋಡೆಗೆ ಅಂಟಿಸಿಕೊಂಡು, ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡು, ಒಂದೇ ಬೆರಳಿನಲ್ಲಿ ಕುಟ್ಟಿದೆ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಕೊನೆಯ ಸಾಲನ್ನೂ ಬಿಡಲಿಲ್ಲ. ಪರದೆಯ ಮೇಲೆ ಒಂದು ದವಡೆ ಎದ್ದು ನಿಂತಿತು ನೋಡು! ಕಣ್ಣಲ್ಲಿ ನೀರು ಬಂತು. ಪುಸ್ತಕದಲ್ಲಿ ಬರೆದ ಹಾಗೆಯೇ ಆದದ್ದು ನನ್ನ ಜೀವನದಲ್ಲಿ ಇದೇ ಮೊದಲು.

ಚಿಕ್ಕವಳಿದ್ದಾಗ ನಿನಗೆ ಅಕ್ಷರ ತಿದ್ದಿಸಿದವನು ನಾನು. ಈಗ ನೀನು ತಿದ್ದಿಸುತ್ತಿದ್ದೀಯ.

ಒಂದು ಪುಟಕ್ಕಿಂತ ಹೆಚ್ಚು ಬರೆದಿದ್ದೇನೆ, ಲೆಕ್ಕವಿಟ್ಟುಕೋ.

ಅಣ್ಣ


ಮಾರ್ಚ್ 1, ಶನಿವಾರ

ಅಣ್ಣಾ,

ಉತ್ತರ ತಡವಾಯಿತು. ಕೆಲಸ ಹೆಚ್ಚು. ಇಲ್ಲಿ ಲಿಫ್ಟು ಕೆಟ್ಟಿದೆ, ಐದು ಮಹಡಿ ಹತ್ತಿ ಬಂದು ಕುಳಿತರೆ ಅರ್ಧ ಗಂಟೆ ಎದೆ ಹೊಡೆದುಕೊಳ್ಳುತ್ತದೆ. ಲಿಫ್ಟಿನದೇ ಇರಬೇಕು.

ಒಂದು ತಮಾಷೆ ಕೇಳು. ಚಪ್ಪಲಿ, ಬೂಟಿಗೆ ಕಾಲಿನ ಅಚ್ಚು ಮಾಡುವವನೊಬ್ಬ ನಮಗೆ ದೂರು ಬರೆದಿದ್ದಾನೆ. "ನಿಮ್ಮ 147ನೇ ಪುಟದ ಪ್ರಕಾರ ಎಡಗಾಲಿನ ಸ್ಕ್ಯಾನ್ ಕೊಟ್ಟೆ, ಬಲಗಾಲು ಬಂತು. ನನ್ನ ಗಿರಾಕಿಗೆ ಈಗ ಎರಡೂ ಬಲಗಾಲಿನ ಬೂಟು." ಆಫೀಸಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಅವನೇ ಫೈಲು ಅದಲುಬದಲು ಮಾಡಿಕೊಂಡಿರಬೇಕು. ಮೌನಿ ನೋಡುತ್ತೇನೆ ಎಂದಿದ್ದಾನೆ. ಆಗಲಿ ಸಾಹೇಬ ಏನೆಂದಿರಬಹುದು ಎಂದು ನಾನು ಹೇಳಬೇಕಿಲ್ಲ.

ನೀನು ಮಾಡುವುದು ಬರೀ ಅಭ್ಯಾಸಕ್ಕೆ ತಾನೇ? ಸುಮ್ಮನೆ ಕೇಳಿದೆ.

ಈ ತಿಂಗಳ ಕೊನೆಗೆ ನನ್ನ ಕೆಲಸ ಕಾಯಂ ಆಗುವುದೋ ಇಲ್ಲವೋ ತೀರ್ಮಾನವಾಗುತ್ತದೆ. ಪುಸ್ತಕ ಚೆನ್ನಾಗಿ ಹೆಸರು ಮಾಡಿದೆಯಂತೆ. ಹಾಗಾಗಿ ಸದ್ಯಕ್ಕೆ ಯಾವ ಗದ್ದಲವೂ ಬೇಡವಾಗಿದೆ.

ನಿನ್ನ ಬೆನ್ನು ನೋವು ಹೇಗಿದೆ? ಬಗ್ಗಿ ಕೂರಬೇಡ. ಅಣ್ಣಾ, ಅಭ್ಯಾಸಕ್ಕೇ ತಾನೇ? ಒಂದು ಸಾಲು ಬರೆದು ಹಾಕು, ಸಾಕು.

ತಂಗಿ


ಮಾರ್ಚ್ 11, ಮಂಗಳವಾರ

ತಂಗಿಗೆ,

ನಿನ್ನ ಪತ್ರ ಓದಿ ನಾಲ್ಕು ದಿನ ಉತ್ತರ ಬರೆಯಲು ಮನಸ್ಸಾಗಲಿಲ್ಲ. ಅಭ್ಯಾಸಕ್ಕೆ ತಾನೇ, ಅಭ್ಯಾಸಕ್ಕೇ ತಾನೇ ಎಂದು ಎರಡು ಸಲ ಕೇಳಿದ್ದೀಯ. ಹಲ್ಲು ಕಟ್ಟುವವನನ್ನು ನಂಬಿ ನಿಜವಾದ ಕೆಲಸ ಯಾರು ಕೊಡುತ್ತಾರೆ ಎಂದು ತಾನೇ ಅದರರ್ಥ? ಓದಿದವಳು ನೀನು. ಗಾಜಿನ ಬಾಗಿಲಿನ ಆಫೀಸು ನಿನ್ನದು. ನನ್ನದು ನೆಲಮಾಳಿಗೆ. ಹೌದು ತಾಯಿ, ಬರೀ ಅಭ್ಯಾಸಕ್ಕೆ. ಸಮಾಧಾನವಾಯಿತೇ?

ನಗುವುದಿದ್ದರೆ ಇನ್ನೊಂದು ಕೊಡುತ್ತೇನೆ, ನಗು. ಕಳೆದ ವಾರ ಹಳೇ ಚಾಳಿಯಂತೆ ಬಾಯಿ ತೆರೆಸಿ ನೋಡಿ ಹಲ್ಲಿನ ಚೀಟಿ ಬರೆದೆ. ಎಡಗಡೆ ಕೆಳಗಿನ ದವಡೆ ಹಲ್ಲು ಒಂದು ಇಲ್ಲ ಎಂದು ಗುರುತು ಹಾಕಿದೆ. ಆಮೇಲೆ ಯಂತ್ರದಿಂದ ಮಾದರಿ ಇಳಿಸಿ ನೋಡಿದರೆ ಹಲ್ಲಿಲ್ಲದ್ದು ಬಲಗಡೆ! ಎದುರಿಗೆ ಕೂತವರ ಎಡ ನಮಗೆ ಬಲವಾಗಿ ಕಾಣುತ್ತದೆ, ಚೀಟಿಯಲ್ಲೂ ಹಾಗೇ ತಿರುಗಿಸಿ ಬರೆಯಬೇಕು. ಹೊಸ ಹುಡುಗರು ಇಲ್ಲೇ ಎಡವುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ನಾನು ಒಮ್ಮೆಯೂ ಎಡವಿರಲಿಲ್ಲ. ಈಗ ಎಡವಿದೆ. ವಯಸ್ಸಾಯಿತು ಎಂದುಕೊಂಡು ಚೀಟಿಯಲ್ಲಿ ಎಡ ಹೊಡೆದುಹಾಕಿ ಬಲ ಎಂದು ಬರೆದೆ. ನಿನ್ನ ಪುಸ್ತಕ ತಪ್ಪುವುದಿಲ್ಲ, ನನ್ನ ಕಣ್ಣು ತಪ್ಪುತ್ತದೆ.

ನಿನ್ನ ಕೆಲಸ ಕಾಯಂ ಆಗಲಿ.

ಅಣ್ಣ


ಮಾರ್ಚ್ 16, ಭಾನುವಾರ

ತಂಗೀ,

ಹಿಂದಿನ ಪತ್ರ ಸಿಟ್ಟಿನಲ್ಲಿ ಬರೆದದ್ದು. ಅದು ಕೈಗೆ ಸಿಕ್ಕಿದ್ದರೆ ಒಲೆಗೆ ಹಾಕು.

ನಿನಗೆ ಸುಳ್ಳು ಹೇಳಿದೆ. ಇಲ್ಲಿ ಮಾಡುವುದು ಅಭ್ಯಾಸಕ್ಕಲ್ಲ. ಮೊದಲ ತಿಂಗಳು ಹಾಗೆ ಇತ್ತು, ಆಮೇಲೆ ನಿಜವಾದವು ಬಂದವು. ನಿನಗೆ ಹೇಳಿದ್ದರೆ "ಗೊತ್ತಿಲ್ಲದ ಕೆಲಸಕ್ಕೆ ಯಾಕೆ ಕೈ ಹಾಕಿದೆ" ಎಂದು ಕೇಳುತ್ತಿದ್ದೆ.

ಒಂದು ಹುಡುಗಿ ಇದ್ದಾಳೆ, ಹನ್ನೊಂದು ವರ್ಷ. ಬಾಯಿ ತೆರೆಸಿ ಹಲ್ಲಿನ ಚೀಟಿ ಬರೆದೆ ಎಂದಿದ್ದೆನಲ್ಲ, ಅದು ಅವಳದೇ. ಕೆಳದವಡೆಯ ಮೂಳೆಯೊಳಗೆ ಗಂಟು. ಹೊರಗೆ ಏನೂ ಕಾಣುವುದಿಲ್ಲ, ಒಳಗೆ ತಿನ್ನುತ್ತಿದೆ. ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಆಪರೇಷನ್. ಕೆಟ್ಟ ಮೂಳೆಯನ್ನು ಕತ್ತರಿಸಿ ತೆಗೆದು, ಆ ಜಾಗಕ್ಕೆ ಲೋಹದ ಪಟ್ಟಿ ಕೂರಿಸುತ್ತಾರೆ. ದೊಡ್ಡ ಡಾಕ್ಟರಮ್ಮ ನನ್ನ ಮಾದರಿಯ ಮೇಲೆಯೇ ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕೆಂದು ಗೆರೆ ಎಳೆದಿದ್ದಾರೆ. ಪಟ್ಟಿಯನ್ನು ಅದೇ ಮಾದರಿಗೆ ಹೊಂದುವ ಹಾಗೆ ನಾನೇ ಬಗ್ಗಿಸಿದ್ದೇನೆ. ಚೆನ್ನಾಗಿ ಕೂತಿದೆ. ಕೂದಲು ತೂರಿಸಲೂ ಜಾಗವಿಲ್ಲ.

ಆ ಹುಡುಗಿಗೆ ನಾನು ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟಿದ್ದೇನೆ. ಕಾರಿಡಾರಿನಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಪ್ರಶ್ನೆ ಕೇಳುತ್ತಾಳೆ. ಶುಕ್ರವಾರ ಅವಳಮ್ಮನ ಜೊತೆ ನನ್ನ ಕೋಣೆಗೆ ಬಂದಳು. ಮಾದರಿಯನ್ನು ಅವಳ ಕೈಗೆ ಕೊಟ್ಟೆ.

"ಇದು ನಂದೇನಾ?"

"ನಿಂದೇ."

"ಗಂಟು ಇರೋದು ಇಲ್ಲೇನಾ?"

"ಅಲ್ಲೇ."

ಅವಳು ತನ್ನ ಎಡ ಕೆನ್ನೆ ಮುಟ್ಟಿಕೊಂಡಳು. ಮಾದರಿಯನ್ನು ಹಾಗೊಮ್ಮೆ ಹೀಗೊಮ್ಮೆ ತಿರುಗಿಸಿ ನೋಡಿದಳು. "ನಂಗೆ ನೋಯೋದು ಈ ಕಡೆ. ಇದ್ರಲ್ಲಿ ಆ ಕಡೆ ಇದೆ."

ನಾನು ನಕ್ಕೆ. "ನೀನು ದಿನಾ ಕನ್ನಡಿಯಲ್ಲಿ ಮುಖ ನೋಡ್ಕೊಂಡು ಅಭ್ಯಾಸ ಅಲ್ವಾ, ಅದಕ್ಕೇ ಹಾಗನ್ನಿಸುತ್ತೆ ಪುಟ್ಟಾ. ಅಂಕಲ್ ಇದನ್ನ ಪುಸ್ತಕ ನೋಡಿ ಮಾಡಿದ್ದು, ತಪ್ಪಾಗಲ್ಲ."

ಅವಳು ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳು ಹೋದ ಮೇಲೆ ಸ್ಕ್ರಿಪ್ಟನ್ನು ಮತ್ತೆ ಮೂರು ಸಲ ಓಡಿಸಿದೆ, ಮೂರು ಸಲವೂ ಅದೇ ಬಂತು. ನಿನ್ನ ಪುಟದ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದೆ. ಎಲ್ಲ ಸರಿಯಿದೆ. ಡಾಕ್ಟರಮ್ಮನನ್ನು ಕೇಳೋಣವೆಂದು ಮೆಟ್ಟಿಲ ತನಕ ಹೋದೆ. ಕೇಳಿದರೆ, ನಿನಗೆ ಈ ಕೆಲಸ ಬರುತ್ತದೆಯೇ ಎಂಬ ಪ್ರಶ್ನೆ ಬರುತ್ತದೆ. ವಾಪಸು ಬಂದೆ.

ಹೆದರಿಕೆಯಾಗಿದೆ ತಂಗೀ. ಯಾತಕ್ಕೆಂದು ಗೊತ್ತಿಲ್ಲ. ಒಮ್ಮೆ ಎಲ್ಲ ಸರಿಯಿದೆ ಎಂದು ಬರೆ. ನಿನ್ನ ಉತ್ತರ ಬರುವಷ್ಟರಲ್ಲಿ ಗುರುವಾರ ಕಳೆದಿರುತ್ತದೆ, ಆದರೂ ಬರೆ.

ಅಣ್ಣ


ಮಾರ್ಚ್ 17, ಸೋಮವಾರ, ಮಧ್ಯಾಹ್ನ

ಅಣ್ಣಾ,

ನಿನ್ನ ಹನ್ನೊಂದನೇ ತಾರೀಖಿನ ಪತ್ರ ಈಗ ಬಂತು. ಇದನ್ನು ಕೊರಿಯರ್ ಅಂಗಡಿಯಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ.

ಅಭ್ಯಾಸದ ಮೂಳೆಗೆ ಬಾಯಿ ಎಲ್ಲಿಂದ ಬಂತು? ಯಾರ ಬಾಯಿ ತೆರೆಸಿ ಚೀಟಿ ಬರೆದೆ?

ಅದು ಯಾರದೇ ಆಗಿರಲಿ, ಆ ಮಾದರಿಯನ್ನು ಯಾರಿಗೂ ಕೊಡಬೇಡ. ಕೊಟ್ಟಿದ್ದರೆ ಕಸಿದುಕೊಂಡು ಬಾ. ನಿನ್ನ ಚೀಟಿ ಸರಿ. ನಿನ್ನ ಕಣ್ಣು ಸರಿ. ನನ್ನ ಪುಸ್ತಕ ತಪ್ಪು.

ಪೇರಿಸುವ ಆಜ್ಞೆಯಲ್ಲಿ ಹೋಳುಗಳನ್ನು ಕೆಳಗಿನಿಂದ ಇಡಬೇಕೋ ಮೇಲಿನಿಂದ ಇಡಬೇಕೋ ಎಂದು ಹೇಳಲು ಒಂದು ಆಯ್ಕೆಯಿದೆ. ನಾನು ಅದನ್ನು ತಪ್ಪಾಗಿ ಬರೆದಿದ್ದೆ. ಹೋಳುಗಳ ಸಾಲು ಹಿಂದುಮುಂದಾದರೆ ಆಕೃತಿ ತಲೆಕೆಳಗಾಗುವುದಷ್ಟೇ ಅಲ್ಲ, ಕನ್ನಡಿಯೊಳಗಿನದ್ದಾಗುತ್ತದೆ. ನಾನು ಸೇರಿಸಿದ ಆ ಒಂದು ಸಾಲು ಅದನ್ನು ನೆಟ್ಟಗೆ ನಿಲ್ಲಿಸುತ್ತದೆ, ಅಷ್ಟೇ. ಬಲಗೈ ಗ್ಲೌಸನ್ನು ಎಷ್ಟು ತಿರುಗಿಸಿದರೂ ಎಡಗೈಗೆ ಬರುವುದಿಲ್ಲವಲ್ಲ, ಹಾಗೆ. ಎಡ ಬಲವಾಗಿಯೇ ಉಳಿಯುತ್ತದೆ. ತಲೆಕೆಳಗಾಗಿಯೇ ನಿಂತಿದ್ದರೆ ಯಾರಾದರೂ ಅನುಮಾನಪಡುತ್ತಿದ್ದರು. ನಾನು ಅದನ್ನು ನೆಟ್ಟಗೆ ನಿಲ್ಲಿಸಿ ತಪ್ಪನ್ನು ಮುಚ್ಚಿಬಿಟ್ಟೆ. ನಾನು ಪರೀಕ್ಷೆ ಮಾಡಿದ್ದು ಹೂದಾನಿಯಲ್ಲಿ. ಹೂದಾನಿಗೆ ಎಡವೂ ಇಲ್ಲ, ಬಲವೂ ಇಲ್ಲ.

ಇನ್ನೊಂದನ್ನೂ ಹೇಳಬೇಕು. ಇದು ನನಗೆ ಇವತ್ತು ಗೊತ್ತಾದದ್ದಲ್ಲ. ಬೂಟಿನವನ ದೂರು ಬಂದ ದಿನವೇ, ಫೆಬ್ರವರಿ ಇಪ್ಪತ್ತರಂದೇ, ನನ್ನ ಬಲ ಅಂಗೈಯನ್ನು ಸ್ಕ್ಯಾನ್ ಮಾಡಿ ಪೇರಿಸಿ ನೋಡಿದೆ. ಪರದೆಯ ಮೇಲೆ ಎಡ ಅಂಗೈ ಬಂತು. ಕಿಟಕಿ ಮುಚ್ಚಿ ಮನೆಗೆ ಹೋದೆ. ಇಪ್ಪತ್ತೈದು ದಿನ. ಕೆಲಸ ಕಾಯಂ ಆಗಲಿ, ಆಮೇಲೆ ಮೆಲ್ಲಗೆ ತಿದ್ದೋಣ, ನಮ್ಮಣ್ಣನದು ಹೇಗೂ ಅಭ್ಯಾಸ ಎಂದುಕೊಂಡೆ. ಅದಕ್ಕೇ ನಿನ್ನನ್ನು ಎರಡು ಸಲ ಕೇಳಿದ್ದು. ನಿನ್ನನ್ನು ಹೀಯಾಳಿಸಲು ಅಲ್ಲ.

ಅಮ್ಮನ ಷರತ್ತು ಮುರಿದು ಏಳು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಮೆಸೇಜು ಹಾಕಿದರೆ ಪೆಟ್ಟಿಗೆ ತುಂಬಿದೆ ಎನ್ನುತ್ತದೆ. ನೀನು ಅದನ್ನು ಖಾಲಿ ಮಾಡಿ ಎಷ್ಟು ವರ್ಷವಾಯಿತು? ಈಗ ಆಸ್ಪತ್ರೆಗೆ ಫೋನ್ ಮಾಡುತ್ತೇನೆ. ಕೊರಿಯರಿನವಳು ಬುಧವಾರಕ್ಕೆ ತಲುಪುತ್ತದೆ ಎನ್ನುತ್ತಾಳೆ. ದಾರಿಯಲ್ಲಿ ಏನೂ ಆಗದಿರಲಿ.

ಅವಸರದಲ್ಲಿ ಗೀಚಿದ್ದೇನೆ, ಅಕ್ಷರ ಓದಲು ಆಗದಿದ್ದರೆ ಇಷ್ಟೇ ಓದಿಕೋ: ನೀನು ಮೊದಲು ಬರೆದದ್ದೇ ಸರಿ. ಎಡ.

ತಂಗಿ


ಮಾರ್ಚ್ 22, ಶನಿವಾರ

ಅಣ್ಣಾ,

ನಿನ್ನ ಭಾನುವಾರದ ಪತ್ರ ಇವತ್ತು ಕೈ ಸೇರಿತು. ಗುರುವಾರ ಕಳೆದು ಎರಡು ದಿನವಾಗಿದೆ.

ಕೊರಿಯರಿನವಳು ಬುಧವಾರ ಎಂದಿದ್ದಳು, ಅದನ್ನೇ ನಂಬಿ ಕಾದು ಕೂತಿದ್ದೆ. ಅವರ ಕಾಗದದಲ್ಲಿ ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ತಲುಪಿತು ಎಂದಿದೆ. ಒಂಬತ್ತಕ್ಕೆ ಆಪರೇಷನ್ ಎಂದು ನೀನು ಬರೆದಿದ್ದೀಯ. ಒಂಬತ್ತಕ್ಕೂ ಹತ್ತೂಕಾಲಿಗೂ ನಡುವೆ ಏನೇನು ಆಗುತ್ತದೆ ಎಂದು ಯೋಚಿಸುವುದನ್ನು ನನ್ನಿಂದ ನಿಲ್ಲಿಸಲು ಆಗುತ್ತಿಲ್ಲ. ಚಮಚ ತಟ್ಟೆಗೆ ತಾಗಿದ ಸದ್ದಿಗೂ ಬೆಚ್ಚಿಬೀಳುತ್ತೇನೆ.

ನಿನ್ನೆಯೂ ಇವತ್ತೂ ಆಸ್ಪತ್ರೆಗೆ ಫೋನ್ ಮಾಡಿದೆ. "ಆ ವಿಷಯ ವಿಚಾರಣೆಯಲ್ಲಿದೆ, ನಾವು ಏನೂ ಹೇಳೋ ಹಾಗಿಲ್ಲ." ವಿಚಾರಣೆ ಎಂದರೆ ಏನು? ಹುಡುಗಿ ಹೇಗಿದ್ದಾಳೆ ಎಂದು ಕೇಳಿದರೆ "ನೀವು ಅವರಿಗೆ ಏನಾಗಬೇಕು?" ಎಂದರು. ನಾನು ಅವಳಿಗೆ ಏನಾಗಬೇಕು ಅಣ್ಣಾ? ಫೋನ್ ಇಟ್ಟುಬಿಟ್ಟೆ. ನಿನ್ನ ಫೋನು ಈಗ ಬಂದ್ ಆಗಿದೆ.

ಇನ್ನೊಂದು ತಪ್ಪು ಒಪ್ಪಿಕೊಳ್ಳುವುದಿದೆ. ಸೋಮವಾರ ನಿಮ್ಮ ಆಸ್ಪತ್ರೆಯ ಫೋನಿನವಳು ಸಿಕ್ಕಿದ್ದಳು. ಮಾದರಿ ಕೋಣೆಗೆ ಫೋನಿಲ್ಲ, ಏನು ಹೇಳಬೇಕೋ ಹೇಳಿ, ಚೀಟಿ ಬರೆದು ಕಳಿಸುತ್ತೇನೆ ಎಂದಳು. ನಮ್ಮ ಪುಸ್ತಕ ತಪ್ಪು, ಮಾದರಿ ಉಲ್ಟಾ ಎಂದು ಅಪರಿಚಿತಳ ಮುಂದೆ ಹೇಳಲು ನಾಲಿಗೆ ಏಳಲಿಲ್ಲ. ಯಾರ ಕಿವಿಗೆ ಬೀಳುತ್ತದೋ, ಕಂಪನಿಗೆ ತಿಳಿದರೆ ಏನೋ ಎಂದು ಆ ಕ್ಷಣದಲ್ಲೂ ಲೆಕ್ಕ ಹಾಕಿದೆ. "ತುರ್ತು, ಫೋನ್ ಮಾಡಲಿ" ಎಂದಷ್ಟೇ ಬರೆಸಿದೆ. ಆ ಚೀಟಿ ನಿನಗೆ ಸಿಕ್ಕಿತೇ? ಸಿಕ್ಕಿದ್ದರೆ ಯಾಕೆ ಫೋನ್ ಮಾಡಲಿಲ್ಲ?

ಮಂಗಳವಾರ ಆಗಲಿ ಸಾಹೇಬನಿಗೆ ಎಲ್ಲ ಹೇಳಿದೆ. "ಆಗಲಿ, ಮುಂದಿನ ಆವೃತ್ತೀಲಿ ನೋಡೋಣ" ಎಂದ. ನಾನು ವಾಪಸು ಬಂದು, ಯಾರ ಅಪ್ಪಣೆಗೂ ಕಾಯದೆ, 147ನೇ ಪುಟದ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ಬರೆದೆ: ಈ ಉದಾಹರಣೆಯಲ್ಲಿ ಎಡ ಬಲವಾಗುತ್ತದೆ, ಬಳಸಬೇಡಿ. ಆ ಆಜ್ಞೆ ಬಳಸುವ ಮೂವತ್ತೆಂಟು ಜಾಗಗಳಿಗೂ ನನ್ನ ಸಹಿ ಹಾಕಿ ಪತ್ರ ಕಳಿಸಿದೆ. ಮೂವತ್ತೈದು ಉತ್ತರ ಬಂದಿವೆ. ಮೂರು ಬಂದಿಲ್ಲ. ಆ ಮೂರು ಜಾಗಗಳಲ್ಲಿ ಯಾರು ಏನನ್ನು ಕತ್ತರಿಸುತ್ತಿದ್ದಾರೆ ಎಂದು ಗೊತ್ತಿಲ್ಲ. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಇನ್ನೂ ಯಾರೂ ಹೇಳಿಲ್ಲ. ಹೇಳಿದರೆ ಹೇಳಲಿ.

ಮೌನಿ ನಿನ್ನೆ ನನ್ನ ಮೇಜಿನ ಹತ್ತಿರ ಬಂದು ನಿಂತ. "ನೀವು ಕೇಳಿದಾಗ ನಾನು ಎದ್ದು ಬಂದು ತೋರಿಸಬೇಕಿತ್ತು" ಎಂದ. ಮೂರು ವರ್ಷದಲ್ಲಿ ಅವನ ಬಾಯಿಂದ ಬಂದ ಅತಿ ಉದ್ದದ ಮಾತು ಅದು. ಅದನ್ನು ಕೇಳಿ ಧೈರ್ಯ ಬರುವ ಬದಲು ಇನ್ನಷ್ಟು ಹೆದರಿಕೆಯಾಯಿತು.

ಬುಧವಾರದೊಳಗೆ ನಿನ್ನಿಂದ ಸುದ್ದಿ ಬರದಿದ್ದರೆ ನಾನೇ ಹೊರಟು ಬರುತ್ತೇನೆ. ಬೈಯಿ, ಹೊಡಿ, ಏನಾದರೂ ಮಾಡು. ಅವಳು ಇದ್ದಾಳೆ ಎಂದು ಮಾತ್ರ ಹೇಳು.

ತಂಗಿ


ಮಾರ್ಚ್ 24, ಸೋಮವಾರ

ತಂಗೀ,

ಮೊದಲು ಇದನ್ನು ಓದು: ಹುಡುಗಿ ಇದ್ದಾಳೆ. ಚೆನ್ನಾಗಿದ್ದಾಳೆ. ಈಗ ಕೂತುಕೊಂಡು ಉಳಿದದ್ದನ್ನು ಓದು.

ಆಸ್ಪತ್ರೆಯ ಫೋನಿನವಳು ಬರೆದ ಚೀಟಿ ಮಂಗಳವಾರವೇ ನನ್ನ ಕೈಗೆ ಬಂದಿತ್ತು. "ನಿಮ್ಮ ತಂಗಿ. ತುರ್ತು. ಫೋನ್ ಮಾಡಿ." ನನ್ನ ಸಿಟ್ಟಿನ ಪತ್ರ ತಲುಪಿರಬೇಕು, ವಕೀಲಮ್ಮ ವಾದಕ್ಕೆ ನಿಂತಿದ್ದಾಳೆ ಎಂದುಕೊಂಡು ಅಂಗಿಯ ಜೇಬಿಗೆ ಹಾಕಿದೆ. ನಿನ್ನ ಏಳು ಫೋನುಗಳನ್ನೂ ಸಂಜೆ ಪೆಟ್ಟಿಗೆಯಿಂದ ತೆಗೆದಾಗ ನೋಡಿದ್ದೆ. ಗುರುವಾರ ಕಳೆಯಲಿ, ಆಮೇಲೆ ಎಷ್ಟು ಬೇಕಾದರೂ ಜಗಳವಾಡೋಣ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಕಾವಲಿನವನು ನಿನ್ನ ಕೊರಿಯರನ್ನು ಕೆಳಗೆ ತಂದುಕೊಟ್ಟ. ಅಲ್ಲೇ ನಿಂತು ಓದಿದೆ. ನಿನ್ನ ಪುಸ್ತಕ ತಪ್ಪು ಎಂಬಲ್ಲಿಗೆ ಬಂದ ಕೂಡಲೇ ಓಡಿದೆ. ಮೂರು ಮಹಡಿ ಹೇಗೆ ಹತ್ತಿದೆನೋ ಗೊತ್ತಿಲ್ಲ. ಆಪರೇಷನ್ ಕೋಣೆಯ ಬಾಗಿಲು ಬಡಿದೆ. ಹಾಗೆ ಬಡಿಯಬಾರದು. ನರ್ಸ್ ತೆರೆದು ಬೈಯಲು ಬಾಯಿ ತೆಗೆದವಳು ನನ್ನ ಮುಖ ನೋಡಿ ಬಾಗಿಲನ್ನು ಇನ್ನಷ್ಟು ತೆರೆದಳು. ಅವಳ ಹೆಗಲ ಮೇಲಿಂದ ಒಳಗೆ ಕಾಣಿಸಿತು. ಹಿಂದಿನ ಆಪರೇಷನ್ ತಡವಾದದ್ದರಿಂದ ಇನ್ನೂ ಶುರುವಾಗಿರಲಿಲ್ಲ, ಮಗುವಿಗೆ ಅರಿವಳಿಕೆ ಮಾತ್ರ ಕೊಟ್ಟಾಗಿತ್ತು. ಡಾಕ್ಟರಮ್ಮ ಒಂದು ಕೈಯಲ್ಲಿ ನನ್ನ ಮಾದರಿ ಹಿಡಿದುಕೊಂಡು, ಗೋಡೆಯ ದೀಪದ ಮೇಲಿದ್ದ ಸ್ಕ್ಯಾನ್ ಫಿಲ್ಮ್ ನೋಡುತ್ತ ನಿಂತಿದ್ದರು. ಫಿಲ್ಮ್ ಎಡ ಎನ್ನುತ್ತಿತ್ತು, ನನ್ನ ಮಾದರಿ ಬಲ ಎನ್ನುತ್ತಿತ್ತು. ಫಿಲ್ಮನ್ನು ತಿರುಗಾಮುರುಗಾ ಸಿಕ್ಕಿಸಿರಬೇಕು ಎಂದು ಸಹಾಯಕ ವೈದ್ಯ ಅದನ್ನು ತೆಗೆದು ತಿರುಗಿಸಿ ಹಾಕಲು ಕೈ ಎತ್ತಿದ್ದ. ಅವನ ಕೈ ಇನ್ನೂ ಗಾಳಿಯಲ್ಲಿತ್ತು ತಂಗೀ. ನಾನು ಈಗಲೂ ಕಣ್ಣು ಮುಚ್ಚಿದರೆ ಆ ಕೈ ಕಾಣುತ್ತದೆ.

"ಅದನ್ನ ತಿರುಗಿಸಬೇಡಿ! ಮಾದರೀನೇ ಉಲ್ಟಾ. ತಪ್ಪು ನಂದು," ಎಂದು ಕೂಗಿದೆ.

ಡಾಕ್ಟರಮ್ಮ ಹೊರಗೆ ಬಂದರು. ನಾನು ಎಲ್ಲವನ್ನೂ ಹೇಳಿದೆ. ನಿನ್ನ ಪುಟ, ನನ್ನ ಸುಳ್ಳು, ಚೀಟಿ ತಿದ್ದಿದ್ದು, ಹುಡುಗಿ ಹೇಳಿದ್ದು, ನಾನು ನಕ್ಕದ್ದು. ಅವರು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಸರಿಯಾದ ಪಟ್ಟಿ ಮಾಡೋಕೆ ಎಷ್ಟು ಹೊತ್ತು ಬೇಕು?" ಎಂದಷ್ಟೇ ಕೇಳಿದರು.

ಹೊಸ ಮಾದರಿ ಅಚ್ಚು ಹಾಕಲು ಯಂತ್ರಕ್ಕೆ ಒಂಬತ್ತು ಗಂಟೆ ಬೇಕು. ನನ್ನ ಬಾಯಿಗೆ ಬಂದದ್ದು "ಒಂದು ಗಂಟೆ, ಒಂದು ಕನ್ನಡಿ" ಎಂದು. ಕೈ ತೊಳೆಯುವ ಜಾಗದ ಕನ್ನಡಿಯ ಮುಂದೆ ಹಳೇ ಪಟ್ಟಿಯನ್ನು ನಿಲ್ಲಿಸಿ, ಕನ್ನಡಿಯೊಳಗೆ ಕಾಣುವ ಪಟ್ಟಿಯ ಹಾಗೆ ಹೊಸದನ್ನು ಬಗ್ಗಿಸಿದೆ. ಹಲ್ಲಿನ ಕೆಲಸದವರಿಗೆ ಕನ್ನಡಿ ನೋಡಿ ಕೈ ಆಡಿಸುವುದು ಹೊಸದಲ್ಲ. ಕನ್ನಡಿಯ ಹೆಸರು ಹೇಳಿ ಆ ಮಗುವಿನ ಬಾಯಿ ಮುಚ್ಚಿಸಿದ್ದೆ, ಅದೇ ಕನ್ನಡಿಯ ಮುಂದೆ ಐವತ್ತು ನಿಮಿಷ ನನ್ನ ಮುಖವನ್ನೂ ನೋಡಿಕೊಂಡು ನಿಂತೆ. ಪಟ್ಟಿ ಕುದಿಸಿ ಒಳಗೆ ಕೊಂಡುಹೋದರು. ಮೂರು ಗಂಟೆಯ ನಂತರ ನರ್ಸ್ ಬಂದು, "ಕೂತಿದೆ" ಎಂದಳು. ನಾನು ಮೆಟ್ಟಿಲ ಮೇಲೆ ಕುಳಿತು ಅತ್ತೆ.

ವಿಚಾರಣೆ ನಡೆಯುತ್ತಿದೆ. ತಿದ್ದಿದ ಚೀಟಿಯನ್ನು ನಾನೇ ಕೊಟ್ಟಿದ್ದೇನೆ. ಅದು ಮುಗಿಯುವ ತನಕ ನನಗೆ ಕೆಲಸವಿಲ್ಲ. ಫೋನ್ ಬಂದ್ ಮಾಡಿದ್ದು ನಾನೇ. ನಿನ್ನ ದನಿ ಕೇಳಿದರೆ ಮಾತು ಹೊರಡುತ್ತಿರಲಿಲ್ಲ.

ಇವತ್ತು ಅವಳನ್ನು ನೋಡಲು ಬಿಟ್ಟರು. ಮುಖ ಊದಿದೆ, ಎರಡು ವಾರ ಮಾತಾಡುವಂತಿಲ್ಲ. ಪ್ರಶ್ನೆಪತ್ರಿಕೆಗೆ ಅವಳಮ್ಮ ಒಂದು ಸ್ಲೇಟು ಕೊಟ್ಟಿದ್ದಾರೆ. ನನ್ನನ್ನು ನೋಡಿದ ಕೂಡಲೇ ಬರೆದಳು: "ಅವತ್ತು ನಾನು ಹೇಳಿದ್ದೇ ಸರಿ ಇತ್ತಾ?"

"ಸರಿ ಇತ್ತು," ಅಂದೆ.

ಒರೆಸಿ ಬರೆದಳು: "ಮತ್ತೆ ಯಾಕೆ ನಂಬಲಿಲ್ಲ?"

"ಪುಸ್ತಕದಲ್ಲಿ ಬೇರೆ ಇತ್ತು ಪುಟ್ಟಾ."

ಮತ್ತೆ ಒರೆಸಿ ನಿಧಾನವಾಗಿ ಬರೆದಳು: "ಪುಸ್ತಕಕ್ಕೆ ನೋಯುತ್ತಾ?"

ನಾನು ಹೆದರಿದ್ದು ನನ್ನ ಕೆಲಸಕ್ಕೆ, ನೀನು ಹೆದರಿದ್ದು ನಿನ್ನ ಕೆಲಸಕ್ಕೆ. ಆ ತಿಂಗಳೆಲ್ಲ ಅವಳ ದವಡೆಗಾಗಿ ಹೆದರಿದವಳು ಅವಳೊಬ್ಬಳೇ. ಆ ಪ್ರಶ್ನೆಗೆ ಉತ್ತರವನ್ನು ನೀನು ಬಂದು ಕೊಡು. ಬರುವ ಮೊದಲು ಫೋನ್ ಮಾಡು, ಎತ್ತುತ್ತೇನೆ. ಜಗಳವಾದರೂ ಆಗಲಿ, ಅಮ್ಮ ಕ್ಷಮಿಸುತ್ತಾಳೆ.

ಇದರ ಜೊತೆಗಿನ ಡಬ್ಬಿಯಲ್ಲಿ ಒಂದು ದವಡೆ ಇದೆ. ಆಯ್ಕೆಯನ್ನು ಸರಿಪಡಿಸಿ, ನೀನು ಸೇರಿಸಿದ ಸಾಲನ್ನು ತೆಗೆದುಹಾಕಿ, ಶುಕ್ರವಾರ ಡಾಕ್ಟರಮ್ಮನ ಎದುರಿಗೇ ಅಚ್ಚು ಹಾಕಿದ್ದು. ಎರಡು ಹಾಕಿದೆ, ಒಂದು ಆಸ್ಪತ್ರೆಗೆ, ಒಂದು ನಿನಗೆ. ಅವಳನ್ನೂ ಅವಳಮ್ಮನನ್ನೂ ಕೇಳಿಯೇ ಕಳಿಸುತ್ತಿದ್ದೇನೆ. ಹೂದಾನಿಯನ್ನು ಎತ್ತಿಟ್ಟು, ಇನ್ನು ಮುಂದೆ ಇದನ್ನು ಇಟ್ಟುಕೊಂಡು ಪರೀಕ್ಷೆ ಮಾಡು. ಹಲ್ಲಿಲ್ಲದ ಜಾಗದ ಪಕ್ಕ ಪೆನ್ಸಿಲಿನಲ್ಲಿ "ಎಡ" ಎಂದು ಬರೆದಿದೆ. ಅದು ನನ್ನ ಅಕ್ಷರವಲ್ಲ, ಅವಳದು.

ಅಣ್ಣ